ತೊಲೆಗಳ ಸಾಕ್ಷ್ಯ: ಉದಕಮಂಡಲದ ಸೇಂಟ್ ಸ್ಟೀಫನ್ಸ್ ಚರ್ಚಿನ ವಾಸ್ತುವನ್ನು ಓದುವ ಬಗೆ

ಮೈಸೂರಿನಿಂದ ಗುಂಡ್ಲುಪೇಟೆ, ಗೂಡಲೂರು, ನಡುವಟ್ಟಂ ಮಾರ್ಗವಾಗಿ ಉದಕಮಂಡಲವನ್ನು ತಲುಪುವ ಕನ್ನಡಿಗರಿಗೆ ಅಲ್ಲಿನ ಸೇಂಟ್ ಸ್ಟೀಫನ್ಸ್ ಚರ್ಚಿನ ಪರಿಚಯವಾಗುವುದು ಸಾಮಾನ್ಯವಾಗಿ ಒಂದೇ ವಾಕ್ಯದಿಂದ: ಇದರ ತೊಲೆಗಳು ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನ ಅರಮನೆಯಿಂದ ಬಂದವು. ಪ್ರವಾಸಿ ಕೈಪಿಡಿಗಳು ಇದನ್ನು ಕುತೂಹಲದ ಸಂಗತಿಯೆಂದು ಹೇಳಿ, ಮರುವಾಕ್ಯದಲ್ಲಿಯೇ ಕಟ್ಟಡವನ್ನು ಅಪ್ಪಟ ಇಂಗ್ಲಿಷ್ ಚರ್ಚು ಎಂದು ವರ್ಣಿಸುತ್ತವೆ. ಈ ಎರಡು ಮಾತುಗಳ ನಡುವಿನ ವಿರೋಧವನ್ನು ಗಂಭೀರವಾಗಿ ಪರಿಗಣಿಸಿದರೆ ಮಾತ್ರ ಈ ಕಟ್ಟಡದ ವಿಮರ್ಶೆ ಆರಂಭವಾಗುತ್ತದೆ.

ಚರ್ಚಿನ ಶಿಲಾನ್ಯಾಸ ನಡೆದದ್ದು 1829ರ ಏಪ್ರಿಲ್ 23ರಂದು, ಮದರಾಸಿನ ಗವರ್ನರ್ ಸ್ಟೀಫನ್ ರಂಬೋಲ್ಡ್ ಲಷಿಂಗ್ಟನ್‌ನ ಆಶ್ರಯದಲ್ಲಿ. ವಿನ್ಯಾಸಕಾರ ಕ್ಯಾಪ್ಟನ್ ಜಾನ್ ಜೇಮ್ಸ್ ಅಂಡರ್‌ವುಡ್, ಮದರಾಸು ಸೈನ್ಯದ ಅಧಿಕಾರಿ. 1830ರ ನವೆಂಬರ್ 5ರಂದು ಕಲ್ಕತ್ತೆಯ ಬಿಷಪ್ ಜಾನ್ ಮಥಾಯಸ್ ಟರ್ನರ್ ಅದನ್ನು ಪ್ರತಿಷ್ಠಾಪಿಸಿದನು. 1831ರ ಈಸ್ಟರ್ ಭಾನುವಾರ ಅದು ಆರಾಧನೆಗೆ ತೆರೆಯಿತು. ಅಂಚಿನಲ್ಲಿ ಕೋಟೆಯ ತೆನೆಗಳನ್ನು ಹೋಲುವ ಚೌಕ ಗೋಪುರ, ಗಾರೆ ಬಳಿದ ಗೋಡೆ, ಬಣ್ಣದ ಗಾಜಿನ ಕಿಟಕಿ, ಹಿಂದಿನ ಇಳಿಜಾರಿನಲ್ಲಿ ಸಮಾಧಿಭೂಮಿ: ಇವೆಲ್ಲ ಇಂಗ್ಲೆಂಡಿನ ಹಳ್ಳಿಯ ಪ್ಯಾರಿಷ್ ಚರ್ಚಿನ ನೆನಪನ್ನು ತರುವಂತೆ ಕೂಡಿಕೊಂಡಿವೆ.

ಈ ಮಾದರಿಯ ಆಯ್ಕೆ ಸಹಜವಾದುದಾಗಿರಲಿಲ್ಲ. ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್ (1815), ಸೇಂಟ್ ಆಂಡ್ರೂಸ್ ಚರ್ಚು (1821) ಇವೆರಡೂ ಗ್ರೀಕ್-ರೋಮನ್ ಕಂಬಸಾಲುಗಳನ್ನು ಮುಂದಿಟ್ಟುಕೊಂಡು ನಿಂತವು. ಅದೇ ಸರಕಾರದ ಸೈನ್ಯಾಧಿಕಾರಿಗಳು ಬಯಲಿನಲ್ಲಿ ಅಂತಹ ಕಂಬಗಳನ್ನೂ ಬೆಟ್ಟದ ಮೇಲೆ ಗಾಥಿಕ್ ಗೋಪುರವನ್ನೂ ಕಟ್ಟಿದರು. ಬಯಲಿನ ಚರ್ಚು ಅಧಿಕಾರವನ್ನು ಸಾರಬೇಕಿತ್ತು. ಬೆಟ್ಟದ ಚರ್ಚು ತವರನ್ನು ಕಲ್ಪಿಸಿಕೊಡಬೇಕಿತ್ತು. ಇಂಗ್ಲೆಂಡಿನಲ್ಲಿ ಪ್ಯೂಜಿನ್ ಗಾಥಿಕ್ ಶೈಲಿಗೆ ಧಾರ್ಮಿಕ ಸಿದ್ಧಾಂತದ ಬಲವನ್ನು ಕೊಡತೊಡಗಿದ್ದು 1836ರ ಹೊತ್ತಿಗೆ. ಅದಕ್ಕೂ ಮೊದಲಿನ ಅಂಡರ್‌ವುಡ್‌ನ ಗಾಥಿಕ್ ಸಿದ್ಧಾಂತದಿಂದ ಹುಟ್ಟಿದ್ದಲ್ಲ, ಸ್ಮರಣೆಯಿಂದ ಹುಟ್ಟಿದ್ದು.

ಆದರೆ ಆ ಸ್ಮರಣೆಯ ಭಾರವನ್ನು ಹೊತ್ತದ್ದು ಮೈಸೂರು ಸೀಮೆಯ ಮರ. ನೂರು ಕಿಲೋಮೀಟರಿಗೂ ಹೆಚ್ಚು ದೂರ, ಸುಮಾರು 1,500 ಮೀಟರ್ ಎತ್ತರಕ್ಕೆ ಹಳೆಯ ತೊಲೆಗಳನ್ನು ಸಾಗಿಸಿದ್ದು ಅಲಂಕಾರಕ್ಕಲ್ಲ, ಅಗತ್ಯಕ್ಕೆ. ಮರದ ಕಟ್ಟಡದಲ್ಲಿ ಅಂಕಣದ ಅಗಲವನ್ನು ತೊಲೆಯ ಉದ್ದವೇ ನಿರ್ಧರಿಸುತ್ತದೆ. ಆದ್ದರಿಂದ ಹಳೆಯ ತೊಲೆಯನ್ನು ಬಳಸುವವನು ಒಂದೋ ಅದರ ಅಳತೆಗೆ ಒಪ್ಪಬೇಕು, ಇಲ್ಲವೇ ಅದನ್ನು ಕತ್ತರಿಸಬೇಕು. ಎರಡೂ ಸಂದರ್ಭಗಳಲ್ಲಿ ಹಿಂದಿನ ಕಟ್ಟಡವು ಹೊಸದರ ವಿನ್ಯಾಸದೊಳಗೆ ಪ್ರವೇಶಿಸಿರುತ್ತದೆ. 1784ರ ದರಿಯಾ ದೌಲತ್ತನ್ನು ಕಂಡವರಿಗೆ ಈ ಸ್ಥಾನಪಲ್ಲಟದ ಅರ್ಥ ತಿಳಿಯುತ್ತದೆ. ಅಲ್ಲಿ ಮರವು ಬಣ್ಣ ತಳೆದು ಕಂಬವಾಗಿ ಕಣ್ಣೆದುರು ನಿಂತಿದೆ. ಇಲ್ಲಿ ಅದು ಮಾಡಿನ ಭಾರ ಹೊರುವ ತೊಲೆಯಾಗಿ ಮೇಲಕ್ಕೆ ಸರಿದಿದೆ.

ಆಕರ ಕಟ್ಟಡದ ಹೆಸರಿನ ಬಗ್ಗೆ ಬರಹಗಳಲ್ಲಿರುವ ಅಲಕ್ಷ್ಯವೂ ಗಮನಾರ್ಹ. ಕೆಲವರು ಅದನ್ನು ಲಾಲ್‌ಬಾಗ್ ಎನ್ನುತ್ತಾರೆ, ಕೆಲವರು ಲಾಲ್ ಮಹಲ್ ಎನ್ನುತ್ತಾರೆ. ಮೊದಲನೆಯದು ಗುಂಬಜ್ ಇರುವ, ದ್ವೀಪದ ಪೂರ್ವಭಾಗದ ತೋಟ; ಎರಡನೆಯದು ಕೋಟೆಯೊಳಗಿನ ಅರಮನೆ. ಚರ್ಚಿನ ತೇದಿಗಳನ್ನು ದಿನಸಹಿತವಾಗಿ ನೀಡುವ ಬರವಣಿಗೆ ಮರದ ಮೂಲವನ್ನು ಹೀಗೆ ಅದಲುಬದಲು ಮಾಡಿ ಸುಮ್ಮನಾಗುತ್ತದೆ.

ಇದಕ್ಕೆ ಪ್ರತಿಯಾಗಿ ಬರುವ ಇನ್ನೊಂದು ಓದು, ಇದು ಕೊಳ್ಳೆಯ ಮರ, ಆದ್ದರಿಂದ ಕಟ್ಟಡ ನಮ್ಮದು ಎನ್ನುವುದು. ಈ ಮಾತಿನ ಹಿಂದಿನ ನೋವು ನಿಜವಾದುದು. ವಾದ ಮಾತ್ರ ಅಪೂರ್ಣ. ಟಿಪ್ಪುವಿನ ಹುಲಿ ಎಂಬ ಯಂತ್ರಗೊಂಬೆ ಲಂಡನ್ನಿಗೆ ಹೋಗಿ ವಿಜಯದ ಕುರುಹಾಗಿ ಪ್ರದರ್ಶನಗೊಂಡಿತು. ಹಾಗಾಗಿ ಅದರ ಹೆಸರು ಉಳಿಯಿತು. 1799ರ ಪತನದ ಮೂವತ್ತು ವರ್ಷಗಳ ಬಳಿಕ ಬೆಟ್ಟ ಏರಿದ ತೊಲೆಗಳು ಕುರುಹಾಗಲಿಲ್ಲ, ಸಾಮಗ್ರಿಯಾದವು. ಕುರುಹು ತನ್ನ ಹಿಂದಿನ ಒಡೆಯನನ್ನು ನೆನಪಿಸುತ್ತದೆ. ಸಾಮಗ್ರಿ ಅವನನ್ನು ಮರೆಯಿಸುತ್ತದೆ. ಸೇಂಟ್ ಸ್ಟೀಫನ್ಸ್‌ನಲ್ಲಿ ನಡೆದ ಕ್ರಿಯೆ ಈ ಎರಡನೆಯದು. ಒಡೆತನದ ವಾದಕ್ಕೆ ಅದು ಸಿಕ್ಕುವುದಿಲ್ಲ.

ಭಾಷೆಯ ವಿಷಯದಲ್ಲಿಯೂ ಇಂಥದೇ ಮರೆವು ಕಾಣುತ್ತದೆ. ನೀಲಗಿರಿಯ ಚರ್ಚುಗಳೆಂದರೆ ಇಂಗ್ಲಿಷ್ ಆರಾಧನೆಯ ಸ್ಥಳಗಳೆಂಬ ಭಾವನೆ ಬೆಳೆದಿದೆ. ಆದರೆ ಕೇತಿಯಲ್ಲಿ ಬಡಗರಿಗಾಗಿ ಶಾಲೆ ತೆರೆದ ಜಾರ್ಜ್ ಕ್ಯಾಸಮೇಜರ್ ಅದಕ್ಕಾಗಿ ಕನ್ನಡ ಕಲಿತನು. 1840ರ ದಶಕದಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಷನ್ನಿನವರು ಕನ್ನಡದಲ್ಲಿಯೇ ಬೋಧಿಸಿದರು. 1890ರಲ್ಲಿ ಬಡಗ ಭಾಷೆಯ ಲೂಕನ ಸುವಾರ್ತೆ ಅಚ್ಚಾದದ್ದೂ ಕನ್ನಡ ಲಿಪಿಯಲ್ಲಿ. ಬೆಟ್ಟದ ಕ್ರೈಸ್ತ ಜೀವನದಲ್ಲಿ ಕನ್ನಡ ಹೊರಗಿನದಾಗಿರಲಿಲ್ಲ. ಸೇಂಟ್ ಸ್ಟೀಫನ್ಸ್‌ನ ತೊಲೆಯಂತೆ ಅದೂ ಭಾರ ಹೊತ್ತು, ವರ್ಣನೆಯಿಂದ ಹೊರಗುಳಿಯಿತು.

ಮಲಬಾರಿನ ವಯನಾಡಿನಿಂದ 1877ರಲ್ಲಿ ನೀಲಗಿರಿಗೆ ಸೇರಿದ ಗೂಡಲೂರು ಇಂದು ತಮಿಳು, ಮಲಯಾಳ, ಕನ್ನಡಗಳು ಸೇರುವ ಊರು. ಇಲ್ಲಿನ ದ್ವಿಭಾಷಿಕ ವಿದ್ವಾಂಸರಿಗೆ ಸೇಂಟ್ ಸ್ಟೀಫನ್ಸ್ ಒಡ್ಡುವ ಕೆಲಸ ಸ್ಪಷ್ಟವಾಗಿದೆ. ಮರುಬಳಕೆಯ ಮರದಲ್ಲಿ ಹಿಂದಿನ ಜೋಡಣೆಯ ಕಚ್ಚು, ಗೂಟದ ತೂತು, ಬಣ್ಣದ ಶೇಷ ಉಳಿಯುವುದು ಸಾಮಾನ್ಯ. ಅವನ್ನು ತೊಲೆ ತೊಲೆಯಾಗಿ ಅಳೆದು ದಾಖಲಿಸಬೇಕು; ದಾಖಲೆಯಲ್ಲಿ ಇಂಗ್ಲಿಷ್ ಪರಿಭಾಷೆಯೊಂದಿಗೆ ತೊಲೆ, ಜಂತೆ, ಬೋದಿಗೆ, ಅಂಕಣಗಳೂ ಇರಬೇಕು. ಆ ಮರವನ್ನು ಮೊದಲು ಕಡಿದು ಕೂಡಿಸಿದ ಸೀಮೆಯ ಬಡಗಿಗಳ ಮಾತುಗಳಿವು. ಅವುಗಳ ನೆರವಿಲ್ಲದೆ ಬರೆದ ಸೇಂಟ್ ಸ್ಟೀಫನ್ಸ್ ಚರಿತ್ರೆಯಲ್ಲಿ ಗೋಪುರ, ಗೋಡೆಗಳ ವಿವರಣೆ ದೊರೆತೀತು. ಮಾಡನ್ನು ಹೊತ್ತು ನಿಂತದ್ದು ಯಾವುದೆಂಬ ವಿವರಣೆ ದೊರೆಯಲಾರದು.