ಹೊಸಬರಿಗೆ ಮೊದಲ ಕೆಲಸ

ಲಿನಿಯೇಜ್‌ಓಎಸ್ ಎಂಬ ಆಂಡ್ರಾಯ್ಡ್ ಆಧಾರಿತ ಮುಕ್ತ ತಂತ್ರಾಂಶ ನನ್ನ ಬಹುಕಾಲದ ಪ್ರೀತಿ. ಕಂಪನಿ ಅಪ್‌ಡೇಟ್ ನಿಲ್ಲಿಸಿದ ಎಷ್ಟೋ ಆಂಡ್ರಾಯ್ಡ್ ಫೋನುಗಳನ್ನು ಅದು ಇನ್ನೂ ಕೆಲವು ವರ್ಷ ನಡೆಸುತ್ತದೆ. 2016ರ ಕೊನೆಗೆ ಸಯನೋಜೆನ್ ಕಂಪನಿ ಕೈಬಿಟ್ಟ ಕೋಡನ್ನು ಸ್ವಯಂಸೇವಕರೇ ಎತ್ತಿಕೊಂಡು ಮುಂದುವರಿಸಿದ ಯೋಜನೆ ಇದು. ಇಲ್ಲಿ ಪ್ರತಿ ಮಾದರಿಯ ಫೋನಿಗೂ ಅದನ್ನು ನೋಡಿಕೊಳ್ಳುವವರು ಬೇಕು. ಅವರ ನೌಕರಿ ಬದಲಾಯಿತು, ಫೋನ್ ಒಡೆಯಿತು, ಬಿಡುವು ಸಿಗಲಿಲ್ಲ ಎಂದರೆ ಆ ಮಾದರಿಗೆ ಅಪ್‌ಡೇಟ್ ಅಲ್ಲಿಗೇ ನಿಂತಿತು. ಹೊಸಬರು ಬರುತ್ತಲೇ ಇರಬೇಕು.

ಬಂದವರಿಗೆ ನಮ್ಮಲ್ಲಿ ಅನೇಕರು ಕೊಡುವ ಮೊದಲ ಸಲಹೆ, ‘ಸೋರ್ಸ್ ಇಳಿಸಿ ಬಿಲ್ಡ್ ಮಾಡಿ ನೋಡಿ’. ಆಂಡ್ರಾಯ್ಡ್ ಬಿಲ್ಡ್ ಮಾಡಲು ಗೂಗಲ್ ಹೇಳುವ ಲೆಕ್ಕ 400 ಜಿಬಿ ಜಾಗ, 64 ಜಿಬಿ ರ‍್ಯಾಮ್. ಕಿಗ್ಗದಲ್ಲೋ ಜಯಪುರದ ಆಚೆಯ ಹಳ್ಳಿಯಲ್ಲೋ ಆಷಾಢದ ಮಳೆಗೆ ಮರ ಬಿದ್ದು ಲೈನು ಹೋದರೆ, ಬ್ಯಾಟರಿ ಮುಗಿದ ಮೇಲೆ ಟವರೂ ಇಲ್ಲ. ಕೊಪ್ಪದ ಬಿ.ಎಸ್ಸಿ. ಹುಡುಗಿಗೆ ಈ ಸಲಹೆ ಕೊಡುವುದೆಂದರೆ ಅವಳನ್ನು ಬಾಗಿಲಲ್ಲೇ ವಾಪಸು ಕಳಿಸಿದಂತೆ.

ಅವಳಿಗೆ ಮೊದಲು ಕೊಡಬೇಕಾದ್ದು ಕನ್ನಡದ ಕೆಲಸ. ಲಿನಿಯೇಜ್‌ನ ಅನುವಾದ ನಡೆಯುವುದು ಕ್ರೌಡಿನ್ ಜಾಲತಾಣದಲ್ಲಿ. ಫೋನಿನ ಇನ್ನೊಂದು ಮುಕ್ತ ವ್ಯವಸ್ಥೆ ಉಬುಂಟು ಟಚ್, ಮುಕ್ತ ಆ್ಯಪ್‌ಗಳ ಭಂಡಾರ ಎಫ್‌-ಡ್ರಾಯ್ಡ್‌ಗಳದ್ದು ವೆಬ್‌ಲೇಟ್‌ನಲ್ಲಿ. ಎರಡೂ ತಾಣಗಳಿಗೆ ಬ್ರೌಸರ್ ಸಾಕು, ಸಿಗ್ನಲ್ ಸಿಕ್ಕಾಗ ನಾಲ್ಕು ಸಾಲು ಮುಗಿಸಬಹುದು. ಒತ್ತಕ್ಷರ ಎಲ್ಲಿ ಒಡೆಯುತ್ತದೆ, ಉದ್ದದ ಕನ್ನಡ ಪದ ಗುಂಡಿಯೊಳಗೆ ಎಲ್ಲಿ ತುಂಡಾಗುತ್ತದೆ, ಯಾವ ಸೂಚನೆ ಅಜ್ಜಿಗೆ ತಿಳಿಯುವುದಿಲ್ಲ ಎಂಬುದು ಮನೆಯಲ್ಲಿ ಕನ್ನಡದಲ್ಲೇ ಫೋನ್ ಬಳಸುವವರ ಕಣ್ಣಿಗೆ ಬೀಳುವಷ್ಟು ಬೇಗ ಬೆಂಗಳೂರಿನ ಇಂಜಿನಿಯರ್ ಕಣ್ಣಿಗೆ ಬೀಳುವುದಿಲ್ಲ. ತಾನು ತಿದ್ದಿದ ಸಾಲು ಮುಂದಿನ ಅಪ್‌ಡೇಟ್‌ನಲ್ಲಿ ಕಂಡ ಮೇಲೆ ಕೋಡ್ ಕಲಿಯುವ ಆಸೆ ತಾನಾಗಿ ಹುಟ್ಟುತ್ತದೆ. ಹಳಬರು ಇಲ್ಲಿ ಮಾಡಬೇಕಾದ್ದು ಒಂದೇ: ಹೊಸಬರ ಮೊದಲ ತಿದ್ದುಪಡಿಗೆ ಬೇಗ ಉತ್ತರಿಸುವುದು. ತಿಂಗಳುಗಟ್ಟಲೆ ಉತ್ತರವಿಲ್ಲದಿದ್ದರೆ ಯಾರೂ ಎರಡನೆಯ ಸಲ ಬರುವುದಿಲ್ಲ.

ಪಕ್ಕದ ಕೇರಳದಲ್ಲಿ 2002ರ ಸುಮಾರಿಗೆ ಕ್ಯಾಲಿಕಟ್‌ನ ಇಂಜಿನಿಯರಿಂಗ್ ವಿದ್ಯಾರ್ಥಿ ಬೈಜು ಎಂ. ಆರಂಭಿಸಿದ ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ ಬೆಳೆದದ್ದೂ ಭಾಷೆಯ ಕೆಲಸದಿಂದಲೇ. ಆ ಬಳಗದ ಇಂಡಿಕ್ ಕೀಬೋರ್ಡಿನಲ್ಲಿ ಕನ್ನಡವೂ ಇದೆ. ನಮ್ಮ ಚಿಕ್ಕಮಗಳೂರು ಜಿಲ್ಲೆಯವರೇ ಆಗಿದ್ದ ಮೂಡಿಗೆರೆಯ ಸಾಹಿತಿ ಪೂರ್ಣಚಂದ್ರ ತೇಜಸ್ವಿ ಕಂಪ್ಯೂಟರಿನಲ್ಲಿ ಕನ್ನಡಕ್ಕಾಗಿ ಪಟ್ಟ ಪಾಡು ನೆನೆದರೆ, ಈ ಕೆಲಸ ಮಲೆನಾಡಿಗೆ ಹೊಸದೇನಲ್ಲ.

ಇನ್‌ಸ್ಟಾಲ್ ಮಾಡಿಯೇ ಲಿನಿಯೇಜ್ ನೋಡಹೊರಟವರಿಗೆ ಒಂದು ಎಚ್ಚರಿಕೆ. ಅದಕ್ಕಾಗಿ ಬೂಟ್‌ಲೋಡರ್ ಅನ್‌ಲಾಕ್ ಮಾಡಿದರೆ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಆಮೇಲೆ ಕೆಲವು ಬ್ಯಾಂಕ್ ಆ್ಯಪ್‌ಗಳು ನಡೆಯುವುದಿಲ್ಲ. ಅಪ್ಪನ ಫೋನ್ ಮುಟ್ಟಬೇಡಿ, ಕಪಾಟಿನಲ್ಲಿ ಬಿದ್ದಿರುವುದನ್ನು ತೆಗೆಯಿರಿ. ಅದರ ಮಾದರಿ ಲಿನಿಯೇಜ್ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಾಲೇಜುಗಳ ಕಂಪ್ಯೂಟರ್ ಮತ್ತು ಕನ್ನಡ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟು: ಒಂದು ಶನಿವಾರ ಎರಡೂ ವಿಭಾಗದ ಮಕ್ಕಳನ್ನು ಒಟ್ಟಿಗೆ ಲ್ಯಾಬಿನಲ್ಲಿ ಕೂರಿಸಿ, ತಲಾ ಹತ್ತು ಸಾಲು ಅನುವಾದ ಮಾಡಿಸಿ.