ಮೊದಲು ನೀರು ನೋಡಿ, ಆಮೇಲೆ ಮದ್ದು

ಹೊಟ್ಟೆ ಮೇಲಾಗಿ ತೇಲುತ್ತಿರುವ ಗೋಲ್ಡ್‌ಫಿಶ್‌ನ ಕಿವಿರು ಇನ್ನೂ ಆಡುತ್ತಿದ್ದರೆ, ಆಹಾರ ಹಾಕಿದಾಗ ಅದು ಒದ್ದಾಡಿಯಾದರೂ ಬಾಯಿ ತೆರೆಯುತ್ತಿದ್ದರೆ, ದಯವಿಟ್ಟು ಅದರ ಆಸೆ ಬಿಡಬೇಡಿ. ಅಂಗಡಿಗೆ ಓಡಿಹೋಗಿ ನೀಲಿ ಔಷಧಿಯನ್ನೂ ತರಬೇಡಿ. ಮೆಥಿಲೀನ್ ಬ್ಲೂ ಬೂಸ್ಟು ರೋಗಕ್ಕೆ ಸರಿ. ಈ ತೊಂದರೆಗೆ ಅದನ್ನು ತೊಟ್ಟಿಗೆ ಸುರಿದರೆ ಫಿಲ್ಟರ್‌ನಲ್ಲಿ ನೆಲೆಸಿರುವ ಉಪಕಾರಿ ಬ್ಯಾಕ್ಟೀರಿಯಾಗಳೇ ಸಾಯುತ್ತವೆ.

ಮೀನಿನ ಬೆನ್ನುಮೂಳೆಯ ಕೆಳಗೆ ಗಾಳಿಚೀಲವೊಂದಿದೆ. ಮೇಲೇಳದೆ, ಮುಳುಗದೆ ನೀರಿನ ನಡುವೆ ನಿಲ್ಲುವ ಶಕ್ತಿ ಬರುವುದು ಅದರಿಂದ. ಗೋಲ್ಡ್‌ಫಿಶ್‌ನಲ್ಲಿ ಅದು ಹಿಂದೊಂದು ಮುಂದೊಂದು ಕೋಣೆಯಾಗಿದ್ದು, ಸಪೂರ ನಾಳವೊಂದು ಅದನ್ನು ಅನ್ನನಾಳಕ್ಕೆ ಕೂಡಿಸುತ್ತದೆ. ಈ ಚೀಲದ ಹದ ತಪ್ಪಿದರೆ ಮೀನು ಹೀಗೆ ತಲೆಕೆಳಗಾಗುತ್ತದೆ. ಉದ್ದ ಮೈಯ ಕಾಮೆಟ್ ತಳಿಗೆ ಈ ಕಾಯಿಲೆ ಅಪರೂಪ. ಒರಾಂಡಾ, ರ್ಯೂಕಿನ್, ರಾಂಚು ತಳಿಗಳ ಕಥೆ ಬೇರೆ. ಅಂದಕ್ಕಾಗಿ ಮನುಷ್ಯ ತಲೆಮಾರುಗಳ ಕಾಲ ಆಯ್ದು ಆಯ್ದು ಬೆಳೆಸಿದ ಆ ಗುಂಡು ಮೈಯಲ್ಲಿ ಬೆನ್ನುಮೂಳೆ ಗಿಡ್ಡ, ಒಳಗೆ ಜಾಗ ಇಕ್ಕಟ್ಟು. ಕರುಳು ಕೊಂಚ ಉಬ್ಬಿದರೂ ಚೀಲ ಒತ್ತಿಹೋಗುತ್ತದೆ. ಹಾಗಾಗಿ ಈ ಮೀನುಗಳ ಕಷ್ಟದಲ್ಲಿ ನಮ್ಮ ಪಾಲಿದೆ ಎಂದೇ ನಾನು ನಂಬಿದ್ದೇನೆ.

ಮೊದಲ ಕೆಲಸ, ಟೆಸ್ಟ್ ಕಿಟ್‌ನಿಂದ ನೀರಿನ ಪರೀಕ್ಷೆ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ನೀರು ತಿಳಿಯಾಗಿ ಕಂಡರೆ ಸಾಲದು, ಅಮೋನಿಯಕ್ಕೆ ಬಣ್ಣವಿಲ್ಲ. ಹೊಸ ತೊಟ್ಟಿಯ ಫಿಲ್ಟರ್ ಪಳಗಲು ನಾಲ್ಕಾರು ವಾರ ಬೇಕು. ಅಷ್ಟರೊಳಗೆ ಮೀನು ತುಂಬಿದರೆ ಅವು ತಮ್ಮದೇ ವಿಷದಲ್ಲಿ ಬದುಕಬೇಕಾಗುತ್ತದೆ. ಮೂರರಲ್ಲೊಂದು ಪಾಲು ನೀರು ತೆಗೆದು, ಕ್ಲೋರಿನ್ ಕಳೆದ, ಅಷ್ಟೇ ಬಿಸುಪಿನ ನೀರು ತುಂಬಿ. ಫಿಲ್ಟರ್‌ನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಬೇಡಿ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅಲುಬಿ.

ಆಮೇಲೆ ಎರಡು ಮೂರು ದಿನ ಉಪವಾಸ. ಗೋಲ್ಡ್‌ಫಿಶ್‌ಗೆ ಇದರಿಂದ ಏನೂ ಆಗದು. ಬಳಿಕ ಬೇಯಿಸಿ ಸಿಪ್ಪೆ ಸುಲಿದ ಬಟಾಣಿಯ ಚೂರು ಕೊಡಬಹುದು. ಬಟಾಣಿಗೆ ಇರುವ ಕೀರ್ತಿ ಅದರ ಗುಣಕ್ಕಿಂತ ದೊಡ್ಡದು. ಮಲಬದ್ಧತೆಯಿದ್ದರಷ್ಟೇ ಅದು ನೆರವಾದೀತು. ಹೊಟ್ಟೆ ಉಬ್ಬಿದ್ದರೆ 20 ಲೀಟರ್ ನೀರಿಗೆ ಕಾಲು ಟೀ ಚಮಚ ಎಪ್ಸಮ್ ಸಾಲ್ಟ್ ಕರಗಿಸಿ ಹಾಕಿ. ಇದು ಮೆಗ್ನೀಸಿಯಂ ಸಲ್ಫೇಟ್, ಅಡುಗೆ ಉಪ್ಪಲ್ಲ. ಮುಂದೆ ತೇಲುವ ಕಾಳಿನ ಬದಲು ಮುಳುಗುವ ಆಹಾರ ಕೊಡಿ. ಮೇಲೆ ಬಂದು ತಿನ್ನುವಾಗ ಮೀನು ಗಾಳಿಯನ್ನೂ ನುಂಗುತ್ತದೆ.

ಹುರುಪೆಗಳು ಎದ್ದು ನಿಂತಿದ್ದರೆ ಅದು ಬೇರೆಯದೇ ರೋಗ, ಮೂತ್ರಪಿಂಡ ಸೋತಿರಬಹುದು. ಮೀನು ಬಲ್ಲ ಪಶುವೈದ್ಯರು ಸಿಕ್ಕರೆ ತೋರಿಸಿ. ಎಕ್ಸ್-ರೇಯಲ್ಲಿ ಗಾಳಿಚೀಲ ಸ್ಪಷ್ಟವಾಗಿ ಕಾಣುತ್ತದೆ.

ಎಲ್ಲ ಮಾಡಿದರೂ ಕೆಲವು ಮೀನುಗಳು ನೆಟ್ಟಗಾಗುವುದಿಲ್ಲ. ಅಂಥವಕ್ಕೆ ನೀರಿನ ಮಟ್ಟ ಇಳಿಸಿ, ಫಿಲ್ಟರ್‌ನ ರಭಸ ತಗ್ಗಿಸಿ, ಬಾಯಿಯ ಬಳಿಯೇ ಆಹಾರ ಹಿಡಿಯಿರಿ. ನೀರಿನಿಂದ ಮೇಲೆ ಉಳಿಯುವ ಚರ್ಮ ಒಣಗಿ ಹುಣ್ಣಾಗುತ್ತದೆ, ಅದರ ಮೇಲೆ ಕಣ್ಣಿಡಿ. ತಿನ್ನುವ ಹುರುಪಿರುವ ಓರೆ ಮೀನು ಹೀಗೆಯೇ ವರ್ಷಗಟ್ಟಲೆ ಬದುಕಬಲ್ಲದು. ಅದನ್ನು ಸಾಕಿ.