ಛಾಯಾಚಿತ್ರದಲ್ಲಿ ಅಲ್ಪತೆಯ ಭ್ರಮೆ: ಖಡಕಿಯ ನಿದರ್ಶನ

ನಿಜವಾದ ಊರೊಂದನ್ನು ಅದರ ಬೀದಿ, ಮನೆ, ಗಾಡಿ, ಜನಗಳೊಡನೆ ಮೇಜಿನ ಮೇಲೆ ಜೋಡಿಸಿಟ್ಟ ಬೊಂಬೆಯೂರಿನಂತೆ ತೋರಿಸುವ ಒಂದು ಬಗೆಯ ಛಾಯಾಚಿತ್ರವು ಈ ಶತಮಾನದ ಮೊದಲ ದಶಕದಿಂದ ವಿಶೇಷವಾಗಿ ಪ್ರಚಾರಕ್ಕೆ ಬಂದಿದೆ. ಇದನ್ನು ಯಂತ್ರದ ಚಮತ್ಕಾರವೆಂದು ತಳ್ಳಿಹಾಕುವವರೂ ಉಂಟು. ನೂತನ ಕಲೆಯೆಂದು ಕೊಂಡಾಡುವವರೂ ಉಂಟು. ಇವೆರಡೂ ವಿಮರ್ಶೆಯ ಮಾತುಗಳಲ್ಲ. ಈ ಚಿತ್ರಗಳು ನೋಡುವವನ ಬುದ್ಧಿಯಲ್ಲಿ ಉಂಟುಮಾಡುವುದೇನು, ಈ ರೀತಿಯು ಯಾವ ವಸ್ತುವಿಗೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲದು ಎಂಬ ಎರಡು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಬೇಕೆಂದಿದೆ. ನಿದರ್ಶನಕ್ಕೆ ಪುಣೆಗೆ ಸೇರಿದಂತಿರುವ ದಂಡಿನ ಊರಾದ ಖಡಕಿಯನ್ನು ಆರಿಸಿಕೊಂಡಿದೆ. ರೈಲುದಾರಿ, ಯುದ್ಧದಲ್ಲಿ ಮಡಿದವರ ಸ್ಮಶಾನ, ಹಳೆಯದೊಂದು ರಣಭೂಮಿ, ಈ ಮೂರೂ ಅಲ್ಲಿ ಒಂದಕ್ಕೊಂದು ಸಮೀಪದಲ್ಲಿಯೇ ಇರುವುದರಿಂದ ನಮ್ಮ ಪ್ರಶ್ನೆಗೆ ಒರೆಗಲ್ಲಾಗಬಲ್ಲವು.

ಮೊದಲು ಭ್ರಮೆಯ ಕಾರಣವನ್ನು ನೋಡೋಣ. ಸಣ್ಣ ವಸ್ತುವೊಂದನ್ನು ಹತ್ತಿರದಿಂದ ಚಿತ್ರಿಸಿದಾಗ ಅದೊಂದು ಮಾತ್ರ ಸ್ಫುಟವಾಗಿದ್ದು ಅದರ ಹಿಂದಿನವೂ ಮುಂದಿನವೂ ಮಸುಕಾಗುತ್ತವೆ. ದೂರದ ಬೆಟ್ಟವನ್ನು ಚಿತ್ರಿಸಿದಾಗಲಾದರೋ ಅದರ ಮುಂದಿನ ತೋಪೂ ಹಿಂದಿನ ಮೋಡವೂ ಹೆಚ್ಚುಕಡಮೆ ಒಂದೇ ಸಮನಾಗಿ ಸ್ಪಷ್ಟವಾಗಿರುತ್ತವೆ. ೮೭ರಲ್ಲಿ ಒಂದು ಪಾಲಿನ ಅಳತೆಯ ಆಟದ ರೈಲನ್ನು, ೨೫ ಮಿಲಿಮೀಟರು ದ್ವಾರವುಳ್ಳ ಮಸೂರದಿಂದ, ಸುಮಾರು ೭೦ ಸೆಂಟಿಮೀಟರು ದೂರದಲ್ಲಿ ನಿಂತು ತೆಗೆದೆವೆನ್ನೋಣ. ನಿಜವಾದ ರೈಲನ್ನು ಅದೇ ಪ್ರಮಾಣದಲ್ಲಿ, ಎಂದರೆ ಸುಮಾರು ೬೦ ಮೀಟರು ದೂರದಿಂದ ತೆಗೆದು ಅಷ್ಟೇ ಮಸುಕನ್ನು ಪಡೆಯಬೇಕಾದರೆ ಮಸೂರದ ದ್ವಾರವೂ ೮೭ ಪಟ್ಟು ಹಿಗ್ಗಬೇಕು. ಎರಡು ಮೀಟರಿಗೂ ಮಿಕ್ಕಿದ ಮಸೂರ ಬೇಕು. ಅಂಥ ಕ್ಯಾಮರಾ ಯಾರ ಕೈಯಲ್ಲಿಯೂ ಇಲ್ಲ. ಆದುದರಿಂದ ಅಷ್ಟು ಮಸುಕನ್ನು ಕಂಡೊಡನೆ ನಮ್ಮ ಕಣ್ಣು, ವಸ್ತುವು ಹತ್ತಿರದ್ದು, ಹತ್ತಿರದ್ದಾದುದರಿಂದ ಚಿಕ್ಕದು ಎಂದು ತೀರ್ಮಾನಿಸಿಬಿಡುತ್ತದೆ. ಹೆಲ್ಡ್, ಕೂಪರ್, ಒಬ್ರಿಯನ್, ಬ್ಯಾಂಕ್ಸ್ ಎಂಬ ನಾಲ್ವರು ವಿದ್ವಾಂಸರು ೨೦೧೦ರಲ್ಲಿ ಪ್ರಕಟಿಸಿದ ಸಂಶೋಧನೆಯು ಮಸುಕಿಗೂ ತೋರುವ ದೂರಕ್ಕೂ ಗಾತ್ರಕ್ಕೂ ಇರುವ ಈ ಸಂಬಂಧವನ್ನು ಶಾಸ್ತ್ರೀಯವಾಗಿ ವಿವರಿಸಿದೆ.

ಈ ಮಸುಕನ್ನು ತರುವ ಉಪಾಯಗಳು ಎರಡು. ಮಸೂರವನ್ನೇ ಓರೆಯಾಗಿ ಬಾಗಿಸುವುದು ಒಂದು. ತೆಗೆದ ಚಿತ್ರದ ಮೇಲಂಚು ಕೆಳಅಂಚುಗಳನ್ನು ಗಣಕಯಂತ್ರದಲ್ಲಿ ಮಸುಕುಗೊಳಿಸುವುದು ಇನ್ನೊಂದು. ಬಾಗಿದ ಮಸೂರದ ನಿಯಮಕ್ಕೆ ಆಸ್ಟ್ರಿಯದ ಥಿಯೊಡೋರ್ ಶೈಮ್‌ಫ್ಲೂಗನ ಹೆಸರು ನಿಂತಿದೆ. ಆಕಾಶದಿಂದ ತೆಗೆದ ಚಿತ್ರಗಳ ಓರೆಯನ್ನು ತಿದ್ದಿ ಭೂಪಟಕ್ಕೆ ಒದಗಿಸುವುದು ಅವನ ೧೯೦೪ರ ಪೇಟೆಂಟಿನ ಗುರಿ. ನೆಲವನ್ನು ಯಥಾರ್ಥವಾಗಿ ಅಳೆಯಹೊರಟವನ ಸೂತ್ರವೇ ಅಳತೆಯನ್ನು ಮರೆಮಾಚುವುದಕ್ಕೂ ಸಾಧನವಾಯಿತು. ಎತ್ತರದ ನೋಟ, ಗಾಢವಾದ ಬಣ್ಣ, ಚಲನಚಿತ್ರದಲ್ಲಾದರೆ ಹೆಚ್ಚಿಸಿದ ವೇಗ, ಇವು ಭ್ರಮೆಗೆ ನೆರವಾಗುವ ಸಂಚಾರಿಗಳು.

ಹೀಗೆ ಹುಟ್ಟುವ ಜ್ಞಾನಕ್ಕೆ ಏನೆಂದು ಹೆಸರಿಡಬೇಕು? ನೋಡುವವನು ಇದನ್ನು ಬೊಂಬೆಯೆಂದು ನಂಬಿ ಮೋಸಹೋಗುವುದಿಲ್ಲ. ಆದಕಾರಣ ಇದು ಬರಿಯ ಭ್ರಾಂತಿಯಲ್ಲ. ಬೊಂಬೆಯೋ ಊರೋ ಎಂದು ತೊಳಲುವುದೂ ಇಲ್ಲ, ಆದಕಾರಣ ಸಂದೇಹವಲ್ಲ. ಭರತನ ರಸಸೂತ್ರವನ್ನು ವ್ಯಾಖ್ಯಾನಿಸಿದ ಶ್ರೀಶಂಕುಕನ ಮತವನ್ನು ಅಭಿನವಗುಪ್ತನು ಉಳಿಸಿಕೊಟ್ಟಿದ್ದಾನಷ್ಟೆ. ಚಿತ್ರದಲ್ಲಿರುವ ಕುದುರೆಯನ್ನು ಕಂಡಾಗ ಉಂಟಾಗುವ ಪ್ರತೀತಿಯು ಸಮ್ಯಕ್, ಮಿಥ್ಯೆ, ಸಂಶಯ, ಸಾದೃಶ್ಯ ಈ ನಾಲ್ಕರಿಂದಲೂ ವಿಲಕ್ಷಣವೆಂಬುದು ಆ ಮತ. ನಮ್ಮ ಚಿತ್ರಗಳ ಪ್ರತೀತಿಯೂ ಇದೇ ಜಾತಿಯದು; ಆದರೆ ದಿಕ್ಕು ತಿರುಗಿದೆ. ಅಲ್ಲಿ ಬಣ್ಣದ ಗೆರೆಗಳಿಂದ ಕುದುರೆಯ ಕಡೆಗೆ ಮನಸ್ಸು ಏರುತ್ತದೆ. ಇಲ್ಲಿ ನಿಜವಾದ ಕುದುರೆಯಿಂದ ಬೊಂಬೆಯ ಕಡೆಗೆ ಇಳಿಯುತ್ತದೆ. ಈ ಇಳಿತದಿಂದ ಲಾಭವೇನೆಂಬುದನ್ನು ಪ್ರತಿಯೊಂದು ಚಿತ್ರವೂ ಸಮರ್ಥಿಸಬೇಕಾಗುತ್ತದೆ.

ಸಮರ್ಥಿಸಿದ ಕೃತಿಗಳು ಇಲ್ಲದಿಲ್ಲ. ಇಟಲಿಯ ಓಲಿವೊ ಬಾರ್ಬಿಯೇರಿ ೨೦೦೩ರಲ್ಲಿ ಆರಂಭಿಸಿದ ಚಿತ್ರಮಾಲೆಯಲ್ಲಿ ಹೆಲಿಕಾಪ್ಟರಿನಿಂದ ರೋಮ್ ಮೊದಲಾದ ನಗರಗಳನ್ನು ಬಾಗಿದ ಮಸೂರದಿಂದ ತೆಗೆದನು. ಜಪಾನಿನ ನಾವೊಕಿ ಹೊಂಜೊ ೨೦೦೬ರಲ್ಲಿ ಹೊರತಂದ ‘ಸ್ಮಾಲ್ ಪ್ಲಾನೆಟ್’ ಎಂಬ ಸಂಪುಟವೂ ಈ ವರ್ಗದ್ದು. ಇಂಥ ಕೃತಿಗಳಲ್ಲಿ ನಗರವೆಂಬುದು ಮನುಷ್ಯನ ಕೈ ನಕ್ಷೆಯಿಂದ ಎತ್ತಿ ನಿಲ್ಲಿಸಿದ ವಸ್ತುವೆಂಬ ಅರಿವು ಮೂಡುತ್ತದೆ. ಅನುಕರಣ ಮಾಡುವವರಲ್ಲಿ ಮಸುಕು ಉಳಿಯುತ್ತದೆ, ಅರಿವು ಉಳಿಯುವುದಿಲ್ಲ. ಕುಶಲತೆಯನ್ನು ಪರೀಕ್ಷಿಸುವುದಕ್ಕೆ ಸುಲಭವಾದ ಒಂದು ಮಾರ್ಗವಿದೆ: ನೆಟ್ಟಗೆ ನಿಂತ ಕಂಬವನ್ನೋ ಗೋಪುರವನ್ನೋ ನೋಡಬೇಕು. ಅದರ ಬುಡವೂ ತುದಿಯೂ ಬಹುಮಟ್ಟಿಗೆ ಒಂದೇ ದೂರದಲ್ಲಿರುವುದರಿಂದ ನಿಜವಾದ ಮಾದರಿಯ ಚಿತ್ರದಲ್ಲಿ ಎರಡೂ ಸ್ಫುಟವಾಗಿರತಕ್ಕದ್ದು. ಬುಡ ಸ್ಪಷ್ಟವಾಗಿ ತುದಿ ಮಸುಕಾಗಿದ್ದರೆ ಅದು ನಿಜವಾದ ಮಾದರಿಯ ಚಿತ್ರವಲ್ಲವೆಂದು ತಿಳಿಯಬಹುದು.

ಈಗ ಖಡಕಿಗೆ ಬರೋಣ. ಮುಂಬಯಿ-ಪುಣೆ ರೈಲುದಾರಿಯಲ್ಲಿ ದಾಪೋಡಿಗೂ ಶಿವಾಜಿನಗರಕ್ಕೂ ನಡುವೆ ಖಡಕಿ ನಿಲ್ದಾಣವಿದೆ. ಇದನ್ನು ಎತ್ತರದಿಂದ ಬೊಂಬೆಯಂತೆ ಚಿತ್ರಿಸಿದರೆ ನಷ್ಟವಿಲ್ಲ, ಲಾಭವೇ ಉಂಟು. ಹಳಿ, ಕೈಮರ, ಜಗಲಿ, ಸೇತುವೆಗಳ ಪರಸ್ಪರ ಸಂಬಂಧವು ನಿತ್ಯ ಓಡಾಡುವವನಿಗೂ ಹೊಸದಾಗಿ ತಿಳಿಯುತ್ತದೆ. ಅದೇ ಪುಣೆಯ ಕೋಥರೂಡಿನಲ್ಲಿ ಜೋಶಿಯವರ ಕಿರುರೈಲುಗಳ ವಸ್ತುಸಂಗ್ರಹಾಲಯವಿದೆ. ಅಲ್ಲಿ ಬೊಂಬೆಯು ರೈಲಾಗಲು ಹವಣಿಸುತ್ತದೆ. ಚಿತ್ರದಲ್ಲಿ ರೈಲು ಬೊಂಬೆಯಾಗಲು ಒಪ್ಪುತ್ತದೆ. ಎರಡರಲ್ಲಿಯೂ ರಚನೆಯೇ ಪ್ರಧಾನವಾದುದರಿಂದ ಔಚಿತ್ಯಕ್ಕೆ ಭಂಗವಿಲ್ಲ.

ಸ್ಮಶಾನದ ವಿಷಯ ಬೇರೆ. ಖಡಕಿಯ ಯುದ್ಧಸ್ಮಶಾನದಲ್ಲಿ ಎರಡನೆಯ ಮಹಾಯುದ್ಧದ ಕಾಲದ ೧,೬೬೮ ಸೈನಿಕರ ಗೋರಿಗಳಿವೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿ ಸತ್ತು ಬೇರೆಡೆ ಹೂಳಲ್ಪಟ್ಟ ೧,೮೦೦ಕ್ಕೂ ಹೆಚ್ಚು ಮಂದಿಯ ಸ್ಮಾರಕವೂ ಅಲ್ಲಿದೆ. ಇವನ್ನು ನೋಡಿಕೊಳ್ಳುವ, ೧೯೧೭ರಲ್ಲಿ ಸ್ಥಾಪಿತವಾದ ಆಯೋಗದ ಮೂಲತತ್ತ್ವಗಳಲ್ಲಿ ಇವು ಸೇರಿವೆ: ಸತ್ತವರೆಲ್ಲರೂ ಹೆಸರಿನಿಂದ ನೆನೆಯಲ್ಪಡಬೇಕು; ದರ್ಜೆಯ ಭೇದವಿಲ್ಲದೆ ಎಲ್ಲರ ಗುರುತೂ ಒಂದೇ ಬಗೆಯದಾಗಿರಬೇಕು. ಕಲ್ಲುಗಳ ಈ ಏಕರೂಪವೇ ಬೊಂಬೆಚಿತ್ರ ತೆಗೆಯುವವನಿಗೆ ಪ್ರಲೋಭನೆ. ಆದರೆ ಏಕರೂಪವು ಅಲ್ಲಿ ಅಲಂಕಾರವಲ್ಲ. ಸಾವಿನಲ್ಲಿ ಸಮಾನತೆಯನ್ನು ಸಾರುವ ಮಾತು. ಬೊಂಬೆಯಾದೊಡನೆ ಅದು ಸಾಲುಸಾಲಿನ ಕಸೂತಿಯಾಗುತ್ತದೆ. ಹೆಸರನ್ನು ಓದಬೇಕಾದರೆ ಮನುಷ್ಯನು ಕಲ್ಲಿನ ಮುಂದೆ ತನ್ನ ಎತ್ತರದಲ್ಲಿಯೇ ನಿಲ್ಲಬೇಕು. ಆ ಅಳತೆಯನ್ನು ಕಳೆದ ಚಿತ್ರ ಸ್ಮಶಾನದ ಅರ್ಥವನ್ನೇ ಕಳೆದಂತೆ.

ಇದಕ್ಕೊಂದು ಆಕ್ಷೇಪವನ್ನು ಹೇಳಬಹುದು: ಎತ್ತರದಿಂದ ನೋಡಿದಾಗ ಮನುಷ್ಯನ ಅಲ್ಪತೆ ಮನದಟ್ಟಾಗಿ ಕರುಣೆ ಹುಟ್ಟದೆ? ಇದಕ್ಕೆ ಉತ್ತರವನ್ನು ಆ ರಣಭೂಮಿಯೇ ಹೇಳುತ್ತದೆ. ೧೮೧೭ರ ನವೆಂಬರ್ ೫ರಂದು ಖಡಕಿಯ ಯುದ್ಧ ನಡೆದಾಗ ಎರಡನೆಯ ಬಾಜೀರಾವ್ ಪೇಶ್ವೆಯು ಪರ್ವತಿಯ ಗುಡ್ಡದಿಂದ ಅದನ್ನು ನೋಡುತ್ತಿದ್ದನೆಂದು ಇತಿಹಾಸಕಾರರು ಹೇಳುತ್ತಾರೆ. ನಡುವಿನ ಅಂತರ ಆರೇಳು ಕಿಲೋಮೀಟರು. ಅಷ್ಟು ದೂರದ ಆಳು, ಚಾಚಿದ ಕೈಯ ತುದಿಯಲ್ಲಿ ಹಿಡಿದ ಸಾಸಿವೆಯ ಕಾಳಿಗಿಂತ ಎಷ್ಟೋ ಕಿರಿದಾಗಿ ಕಾಣುತ್ತಾನೆ. ಆದರೂ ಬಾಪು ಗೋಖಲೆಯ ದಳವು ಪೇಶ್ವೆಯ ಕಣ್ಣಿಗೆ ಬೊಂಬೆಯ ದಳವಾಗಿರಲಾರದು. ಅವರು ದೂರದಲ್ಲಿರುವ ದೊಡ್ಡವರು. ಅವನ ರಾಜ್ಯದ ಭವಿಷ್ಯ ಅವರ ಕೈಯಲ್ಲಿತ್ತು. ಹನ್ನೆರಡು ದಿನಗಳಲ್ಲಿ, ೧೭ರಂದು, ಪುಣೆ ಇಂಗ್ಲಿಷರ ವಶವಾಯಿತು. ದೂರವು ವಸ್ತುವನ್ನು ಕಣ್ಣಿನಲ್ಲಿ ಮಾತ್ರ ಕಿರಿದುಮಾಡುತ್ತದೆ, ಬುದ್ಧಿಯಲ್ಲಿ ಮಾಡುವುದಿಲ್ಲ. ಬೊಂಬೆಚಿತ್ರವಾದರೋ ದೂರವನ್ನೇ ಅಳಿಸಿ, ದೂರದ ದೊಡ್ಡದನ್ನು ಹತ್ತಿರದ ಚಿಕ್ಕದನ್ನಾಗಿ ಮಾಡಿ ನಮ್ಮ ಅಂಗೈಯಲ್ಲಿಡುತ್ತದೆ. ಅದರಿಂದ ಹುಟ್ಟುವುದು ಕರುಣೆಯಲ್ಲ, ಒಡೆತನದ ಮುದ್ದು.

ಆದುದರಿಂದ ಕಿರಿದಾಗಿಸುವುದೇ ದೋಷವೆಂದು ನಾವು ಹೇಳುವುದಿಲ್ಲ. ಹೊಯ್ಸಳ ಶಿಲ್ಪಿಗಳು ಗುಡಿಯ ಗೋಡೆಯಲ್ಲಿಯೇ ಕಿರುಶಿಖರಗಳನ್ನು ಕಡೆದರು. ದಸರೆಯ ಬೊಂಬೆಗಳಲ್ಲಿ ಅಂಬಾರಿಯ ಮೆರವಣಿಗೆಯೇ ಅಡಗುತ್ತದೆ. ಕನ್ನಡಿಯೊಳಗೆ ಆನೆ ಅಡಗುವ ಹೋಲಿಕೆಯನ್ನು ಬಸವಣ್ಣನವರು ದೇವರನ್ನು ಕುರಿತು ಬಳಸಿದ್ದಾರೆ. ಕನ್ನಡಿಯಲ್ಲಿ ಅಡಗಿದ ಆನೆ ಆನೆಯಾಗಿಯೇ ಉಳಿಯುತ್ತದೆ. ಬೊಂಬೆಚಿತ್ರಕ್ಕೂ ಇದನ್ನೇ ಅಳತೆಗೋಲಾಗಿ ಹಿಡಿಯಬಹುದು. ಕಿರಿದಾದ ಮೇಲೂ ವಸ್ತುವಿನ ಹುರುಳು ಉಳಿದರೆ ಅದು ಕಲೆ; ಹುರುಳು ಮನುಷ್ಯಪ್ರಮಾಣದಲ್ಲಿಯೇ ನಿಂತಿರುವೆಡೆ ಆ ಮಸೂರವನ್ನು ಬಾಗಿಸದಿರುವುದೇ ಕಲಾವಿದನ ವಿವೇಕ.